ನಿಂತವರ ಅಳತೆ, ಕುಳಿತವರ ಉಡುಪು

ಅಂಗಿಯ ಗುಂಡಿ ಹಾಕುವ ಕೆಲಸವನ್ನು ಒಮ್ಮೆ ನಿಧಾನಕ್ಕೆ ಬಿಡಿಸಿ ನೋಡಿ. ಒಂದು ಕೈ ಕಾಜದ ಕಡೆಯ ಬಟ್ಟೆಯನ್ನು ಬಿಗಿಯಾಗಿ ಹಿಡಿದಿರಬೇಕು. ಇನ್ನೊಂದು ಕೈಯ ಹೆಬ್ಬೆರಳು, ತೋರುಬೆರಳು ಸೇರಿ ಗುಂಡಿಯನ್ನು ಓರೆ ಮಾಡಿ ಸೀಳಿನೊಳಗೆ ತೂರಿಸಬೇಕು. ಅರ್ಧ ದಾಟಿದ ಗುಂಡಿಯನ್ನು ಆ ಕಡೆಯ ಬೆರಳು ಹಿಡಿದು ಎಳೆದುಕೊಳ್ಳಬೇಕು. ಎರಡು ಕೈ, ನಡುಗದ ಬೆರಳು, ಬೆರಳ ತುದಿಯಲ್ಲಿ ಸ್ಪರ್ಶದ ಅರಿವು, ಇಷ್ಟೂ ಇದ್ದರೆ ಒಂದು ಗುಂಡಿ. ಅಂಗಿಗೆ ಅಂಥವು ಆರೇಳು. ತೋಳಿನ ತುದಿಯ ಗುಂಡಿಯನ್ನಂತೂ ಒಂದೇ ಕೈಯಲ್ಲಿ ಹಾಕಿಕೊಳ್ಳಬೇಕು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುವವರು, ಸಂಧಿವಾತದಿಂದ ಬೆರಳ ಗೆಣ್ಣು ಊದಿಕೊಂಡವರು, ಪಾರ್ಶ್ವವಾಯು ಬಡಿದು ಒಂದು ಕೈ ಸ್ವಾಧೀನ ತಪ್ಪಿದವರು ಇಲ್ಲಿಗೆ ಬಂದು ನಿಂತುಬಿಡುತ್ತಾರೆ, ಮನೆಯವರನ್ನು ಕರೆಯುತ್ತಾರೆ.

ಕೈಲಾಗದ್ದು ಅವರಿಗೆ ಎಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ನಾನು ಅದನ್ನು ಒಪ್ಪುವುದಿಲ್ಲ. ಅದೇ ಅಂಗಿಗೆ ಗುಂಡಿಯ ಬದಲು ಒತ್ತಿದರೆ ಅಂಟುವ ಪಟ್ಟಿ ಇದ್ದಿದ್ದರೆ ಅದೇ ಮನುಷ್ಯ ಯಾರನ್ನೂ ಕರೆಯದೆ ಅಂಗಿ ತೊಟ್ಟು ಹೊರಟಿರುತ್ತಿದ್ದ. ಕಾಯಿಲೆ ಅಷ್ಟೇ ಇದೆ, ಕೈ ಅದೇ ಇದೆ, ಬದಲಾದದ್ದು ಬಟ್ಟೆ. ಬೆಳಗ್ಗೆ ಎದ್ದು ಬಟ್ಟೆ ಹಾಕಿಕೊಳ್ಳಲು ಯಾರಿಗೆ ನೆರವು ಬೇಕು, ಎಷ್ಟು ಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಹೊಲಿದವರೇ. ಅಂಗವೈಕಲ್ಯ ಇರುವವರನ್ನು ಮನಸ್ಸಿನಲ್ಲಿಟ್ಟು ವಿನ್ಯಾಸ ಮಾಡಿದ ಉಡುಪುಗಳಿಗೆ ಫ್ಯಾಷನ್ ಲೋಕ ‘ಅಡಾಪ್ಟಿವ್’ ಉಡುಪು ಎಂದು ಹೆಸರಿಟ್ಟಿದೆ. ಅದರ ಹಿಂದಿರುವ ಲೆಕ್ಕಾಚಾರ ಹೊರಗಿನಿಂದ ಕಾಣುವುದಕ್ಕಿಂತ ಹೆಚ್ಚು ಸೂಕ್ಷ್ಮವಾದದ್ದು.

ಮೊದಲು ಕುಳಿತುಕೊಳ್ಳುವ ವಿಷಯ. ಬಟ್ಟೆ ಅಂಗಡಿಯ ಗೊಂಬೆ ನಿಂತಿರುತ್ತದೆ. ದರ್ಜಿ ಅಳತೆ ತೆಗೆಯುವಾಗಲೂ ನಾವು ನಿಂತಿರುತ್ತೇವೆ. ಕಾಗದದ ಮೇಲೆ ಬರೆಯುವ ಕಟಿಂಗ್ ಎಲ್ಲವೂ ನೆಟ್ಟಗೆ ನಿಂತ ದೇಹದ್ದೇ. ಅಂಥ ಪ್ಯಾಂಟನ್ನು ಹಾಕಿಕೊಂಡು ಕುರ್ಚಿಯಲ್ಲಿ ಕುಳಿತರೆ ಏನಾಗುತ್ತದೆ ಗಮನಿಸಿ. ಸೊಂಟ ಮಡಚಿದಾಗ ದೇಹದ ಹಿಂಭಾಗದ ಗೆರೆ ಉದ್ದವಾಗುತ್ತದೆ, ಮುಂಭಾಗದ ಗೆರೆ ಗಿಡ್ಡವಾಗುತ್ತದೆ. ಹಾಗಾಗಿ ಹಿಂದೆ ಬಟ್ಟೆ ಸಾಲದೆ ಸೊಂಟಪಟ್ಟಿ ಕೆಳಗೆ ಜಾರುತ್ತದೆ, ಬೆನ್ನಿನ ಕೆಳಭಾಗ ಬಯಲಾಗುತ್ತದೆ. ಮುಂದೆ ಬಟ್ಟೆ ಹೆಚ್ಚಾಗಿ ಹೊಟ್ಟೆಯ ಕೆಳಗೆ ಮುದ್ದೆಗಟ್ಟುತ್ತದೆ, ಜಿಪ್ ಬಾಗಿ ಹೊಟ್ಟೆಗೆ ಒತ್ತುತ್ತದೆ. ಮಂಡಿ ಮಡಚಿದ್ದರಿಂದ ಕಾಲಿನ ತುದಿ ಮೇಲೇರಿ ಕಣಕಾಲು ಕಾಣುತ್ತದೆ. ನಡೆಯಬಲ್ಲವರಿಗೆ ಇದೊಂದು ತೊಂದರೆಯೇ ಅಲ್ಲ. ಎದ್ದು ನಿಂತು ಪ್ಯಾಂಟನ್ನು ಒಮ್ಮೆ ಮೇಲೆಳೆದುಕೊಂಡರೆ ಮುಗಿಯಿತು. ದಿನವಿಡೀ ಗಾಲಿಕುರ್ಚಿಯಲ್ಲಿ ಇರುವವರಿಗೆ ಎದ್ದು ನಿಲ್ಲುವ ಆ ಗಳಿಗೆ ಇಲ್ಲ.

ಕುಳಿತ ದೇಹಕ್ಕೆಂದು ಮಾಡುವ ಕಟಿಂಗ್ ಬೇರೆಯದೇ ಆಕಾರದ್ದು. ಪ್ಯಾಂಟಿನ ಹಿಂಭಾಗವನ್ನು ಎತ್ತರಿಸಿ, ಮುಂಭಾಗವನ್ನು ತಗ್ಗಿಸಿ ಕತ್ತರಿಸುತ್ತಾರೆ. ಕಾಲಿನ ಉದ್ದ ಹೆಚ್ಚು ಇಡುತ್ತಾರೆ, ಮಂಡಿಯ ಮೇಲೆ ಬಟ್ಟೆ ಬಿಗಿಯದಂತೆ ಅಲ್ಲಿ ಸ್ವಲ್ಪ ಸಡಿಲ ಬಿಡುತ್ತಾರೆ. ಹಿಂದಿನ ಜೇಬು ಇರುವುದೇ ಇಲ್ಲ. ಕುಳಿತವರ ಕೈಗೆ ಅದು ಸಿಗುವುದೂ ಇಲ್ಲ. ಜೇಬು ತೊಡೆಯ ಮೇಲ್ಭಾಗಕ್ಕೋ ಮೊಣಕಾಲ ಪಕ್ಕಕ್ಕೋ ಹೋಗುತ್ತದೆ. ಜಿಪ್ ಉದ್ದವಾಗುತ್ತದೆ, ಕುಳಿತೇ ಕ್ಯಾತಿಟರ್ (ಮೂತ್ರ ಹೊರತೆಗೆಯುವ ಕೊಳವೆ) ಬಳಸುವವರಿಗೆ ಅದು ತೀರಾ ಅಗತ್ಯ. ಇಂಥ ಪ್ಯಾಂಟನ್ನು ಹ್ಯಾಂಗರ್‌ಗೆ ತೂಗುಹಾಕಿದರೆ ವಕ್ರವಾಗಿ, ಹೊಲಿಗೆ ಕೆಟ್ಟಂತೆ ಕಾಣುತ್ತದೆ. ಕುಳಿತವರ ಮೈಮೇಲೆ ಅಚ್ಚುಕಟ್ಟಾಗಿ ಕೂರುತ್ತದೆ. ಅಂಗಡಿಗಳಲ್ಲಿ ಇದು ಮಾರಾಟವಾಗದಿರಲು ಹ್ಯಾಂಗರ್ ಕೂಡ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ.

ಕೋಟು, ಜಾಕೆಟ್‌ಗಳ ಕಥೆಯೂ ಹೀಗೆಯೇ. ಉದ್ದ ಕೋಟಿನ ಮುಂಭಾಗ ಮಡಿಲಲ್ಲಿ ಗುಡ್ಡೆಯಾಗುತ್ತದೆ, ಹಿಂಭಾಗದ ಮೇಲೆ ಮನುಷ್ಯ ಕುಳಿತುಬಿಡುತ್ತಾನೆ, ಆಗ ಕಾಲರ್ ಕುತ್ತಿಗೆಯನ್ನು ಹಿಂದಕ್ಕೆ ಎಳೆಯುತ್ತದೆ. ಕೈಯಿಂದ ಚಕ್ರ ತಳ್ಳುವವರ ತೋಳು ದಿನವೂ ಸಾವಿರಾರು ಸಲ ಹಿಂದೆ ಮುಂದೆ ಚಲಿಸುತ್ತದೆ. ಭುಜದ ಹಿಂದೆ ಒಂದು ನೆರಿಗೆ ಅಥವಾ ಕಂಕುಳಲ್ಲಿ ಹಿಗ್ಗುವ ಬಟ್ಟೆಯ ತುಂಡು ಇಲ್ಲದಿದ್ದರೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ, ಇಲ್ಲವೇ ತೋಳು ನೋಯುತ್ತದೆ. ಅಗಲವಾದ ತೋಳಿನ ತುದಿ ಚಕ್ರಕ್ಕೆ ತಾಗಿ ಕೊಳೆಯಾಗುತ್ತದೆ. ಉದ್ದನೆಯ ಸ್ಕಾರ್ಫ್ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಂಡರಂತೂ ಪ್ರಾಣಾಪಾಯವೇ ಇದೆ.

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹಲವು ಚಿತ್ರಗಳಲ್ಲಿ ಕೋಟಿನ ಬದಲು ನೌಕಾಪಡೆಯ ಮೇಲುಹೊದಿಕೆಯೊಂದನ್ನು ಹೊದ್ದು ಕುಳಿತಿರುವುದು ಕಾಣುತ್ತದೆ. 1921ರಲ್ಲಿ ಕಾಯಿಲೆ ತಗುಲಿ ಕಾಲುಗಳ ಶಕ್ತಿ ಹೋಗಿದ್ದ ಅವರಿಗೆ, ಕುಳಿತಲ್ಲೇ ತೋಳು ತೂರಿಸಬೇಕಾದ ದಪ್ಪ ಕೋಟಿಗಿಂತ ಹೆಗಲ ಮೇಲೆ ಹಾಕಿಕೊಂಡರೆ ಮುಗಿಯುವ ಹೊದಿಕೆ ಅನುಕೂಲವಾಗಿತ್ತು. ಕಾಲಿಗೆ ಆಸರೆಯಾಗಿ ಕಟ್ಟುತ್ತಿದ್ದ ಲೋಹದ ಪಟ್ಟಿಗಳು ಎದ್ದು ಕಾಣದಿರಲೆಂದು ಅವಕ್ಕೆ ಕಪ್ಪು ಬಣ್ಣ ಹಚ್ಚಿಸಿದ್ದರು. ಅನುಕೂಲ ಮತ್ತು ಮರೆಮಾಚುವಿಕೆ ಎರಡೂ ಆ ಉಡುಪಿನಲ್ಲಿ ಕೂಡಿಕೊಂಡಿದ್ದವು. ಕುಳಿತವರ ಉಡುಪನ್ನು ಮರೆಮಾಚದೆ ಫ್ಯಾಷನ್ ಎಂದೇ ಮುಂದಿಟ್ಟವರಲ್ಲಿ ಕೆನಡಾದ ವಿನ್ಯಾಸಕಿ ಇಝಿ ಕ್ಯಾಮಿಲೆರಿ ಪ್ರಮುಖರು. 2009ರಲ್ಲಿ ಗಾಲಿಕುರ್ಚಿ ಬಳಸುವವರಿಗಾಗಿಯೇ ಉಡುಪುಗಳ ಸಾಲೊಂದನ್ನು ಅವರು ಆರಂಭಿಸಿದರು. 2014ರಲ್ಲಿ ಟೊರಾಂಟೊದ ರಾಯಲ್ ಒಂಟಾರಿಯೊ ಮ್ಯೂಸಿಯಂ ಅವರ ಕುಳಿತ ದೇಹದ ಉಡುಪುಗಳನ್ನೇ ಪ್ರದರ್ಶನಕ್ಕಿಟ್ಟಿತು.

ಇಲ್ಲಿಯವರೆಗೆ ಹೇಳಿದ್ದು ಅನುಕೂಲದ ಮಾತು. ಮುಂದಿನದು ಆರೋಗ್ಯದ್ದು, ಇದನ್ನು ಮನೆಯವರು, ದರ್ಜಿಗಳು ಇಬ್ಬರೂ ಗಮನವಿಟ್ಟು ತಿಳಿದುಕೊಳ್ಳಬೇಕು.

ನಾವು ಕುಳಿತಾಗ ಗೊತ್ತಿಲ್ಲದೆಯೇ ಆಗಾಗ ಮಗ್ಗುಲು ಬದಲಿಸುತ್ತೇವೆ. ಒತ್ತಡ ಬಿದ್ದ ಜಾಗದಲ್ಲಿ ರಕ್ತಸಂಚಾರ ಕಡಿಮೆಯಾಗಿ ಚರ್ಮ ನೋಯತೊಡಗುತ್ತದೆ, ಆ ನೋವೇ ನಮ್ಮನ್ನು ಅಲುಗಿಸುತ್ತದೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಆ ಭಾಗದಲ್ಲಿ ಸ್ಪರ್ಶವೇ ಇಲ್ಲದಿರಬಹುದು. ಜೀನ್ಸ್ ಪ್ಯಾಂಟಿನ ಹಿಂದಿನ ಜೇಬಿನ ದಪ್ಪ ಹೊಲಿಗೆ, ಅದರ ಮೂಲೆಯ ಲೋಹದ ಚುಕ್ಕೆ, ಜೇಬಲ್ಲಿ ಮರೆತ ನಾಣ್ಯ, ಮಡಿಕೆ ಬಿದ್ದ ಬಟ್ಟೆ ಗಂಟೆಗಟ್ಟಲೆ ಒಂದೇ ಜಾಗಕ್ಕೆ ಒತ್ತಿದರೂ ಅವರಿಗೆ ತಿಳಿಯುವುದಿಲ್ಲ. ಅಲ್ಲಿ ಒತ್ತುಹುಣ್ಣು ಏಳುತ್ತದೆ. ಅದು ಆಳಕ್ಕಿಳಿದರೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಸುತ್ತದೆ, ಸೋಂಕು ರಕ್ತಕ್ಕೆ ಹರಡಿದರೆ ಜೀವಕ್ಕೇ ಸಂಚಕಾರ. ಬೆವರು, ಮೂತ್ರದಿಂದ ಒದ್ದೆಯಾದ ಬಟ್ಟೆ ಚರ್ಮವನ್ನು ಮೆತ್ತಗಾಗಿಸಿ ಹುಣ್ಣನ್ನು ಇನ್ನೂ ಬೇಗ ತರುತ್ತದೆ. ಆದ್ದರಿಂದ ಕುಳಿತುಕೊಳ್ಳುವ ಜಾಗದಲ್ಲಿ ಹೊಲಿಗೆ ಚಪ್ಪಟೆಯಾಗಿರಬೇಕು, ಸಾಧ್ಯವಾದರೆ ಹೊಲಿಗೆಯೇ ಇರಬಾರದು. ಬಟ್ಟೆ ಬೆವರನ್ನು ಹೀರಿ ಗಾಳಿಯಾಡುವಂಥದ್ದಾಗಿರಬೇಕು.

ಇನ್ನೊಂದು ಅಪಾಯ ಅಷ್ಟು ಪರಿಚಿತವಲ್ಲ. ಎದೆಯ ಭಾಗದ ಆರನೇ ಕಶೇರುಕದ (ಬೆನ್ನುಮೂಳೆಯ ಮಣಿಯ) ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರಲ್ಲಿ, ಪೆಟ್ಟಿನ ಕೆಳಗಿನ ಭಾಗಕ್ಕೆ ಆಗುವ ಕಿರಿಕಿರಿ ರಕ್ತದೊತ್ತಡವನ್ನು ಏಕಾಏಕಿ ಏರಿಸಬಲ್ಲದು. ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರುತ್ತದೆ, ತಕ್ಷಣ ಗಮನಿಸದಿದ್ದರೆ ಮೆದುಳಿನಲ್ಲಿ ರಕ್ತಸ್ರಾವವೂ ಆಗಬಹುದು. ವೈದ್ಯರು ಇದನ್ನು ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ತುಂಬಿದ ಮೂತ್ರಕೋಶ ಇದಕ್ಕೆ ಸಾಮಾನ್ಯ ಕಾರಣ. ಬಿಗಿಯಾದ ಬೆಲ್ಟು, ಒತ್ತುವ ಶೂ, ಮಡಿಕೆ ಬಿದ್ದ ಕಾಲುಚೀಲವೂ ಸಾಕು. ಮೊದಲ ನೆರವು ಕೂಡ ಬಟ್ಟೆಯಿಂದಲೇ ಶುರುವಾಗುತ್ತದೆ: ವ್ಯಕ್ತಿಯನ್ನು ನೆಟ್ಟಗೆ ಕೂರಿಸಿ, ಬಿಗಿಯಾದ ಎಲ್ಲವನ್ನೂ ಸಡಿಲಿಸಿ, ಮೂತ್ರದ ಕೊಳವೆ ಕಟ್ಟಿದೆಯೇ ನೋಡಬೇಕು. ಇದೇ ಜನರಿಗೆ ಪೆಟ್ಟಿನ ಕೆಳಗೆ ಸರಿಯಾಗಿ ಬೆವರುವುದಿಲ್ಲ, ಮೈಯ ಶಾಖ ಹತೋಟಿಯಲ್ಲಿ ಉಳಿಯುವುದಿಲ್ಲ. ಒಂದು ದಪ್ಪ ಬಟ್ಟೆಗಿಂತ, ಬೇಕೆಂದಾಗ ಕಳಚಬಹುದಾದ ಎರಡು ತೆಳು ಬಟ್ಟೆ ಅವರಿಗೆ ಒಳ್ಳೆಯದು.

ಈಗ ಗುಂಡಿಯ ಬದಲು ಏನು ಎಂಬ ಪ್ರಶ್ನೆಗೆ ಬರೋಣ. ಎಲ್ಲರಿಗೂ ಮೊದಲು ನೆನಪಾಗುವುದು ವೆಲ್ಕ್ರೋ. ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ 1941ರಲ್ಲಿ ತನ್ನ ಬಟ್ಟೆಗೂ ನಾಯಿಯ ತುಪ್ಪಳಕ್ಕೂ ಅಂಟಿಕೊಂಡ ಮುಳ್ಳುಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅವುಗಳ ಕೊಕ್ಕೆಯನ್ನು ಅನುಕರಿಸಿ ಮಾಡಿದ್ದು ಇದು. ಒಂದೇ ಕೈಗೆ ಒಗ್ಗುತ್ತದೆ, ಗುರಿ ಸ್ವಲ್ಪ ತಪ್ಪಿದರೂ ಅಂಟುತ್ತದೆ. ಆದರೆ ಅದಕ್ಕೂ ಕೊರತೆಗಳಿವೆ. ಒಗೆಯುವಾಗ ಮುಚ್ಚಿಡದಿದ್ದರೆ ದಾರ, ಕೂದಲು ತುಂಬಿಕೊಂಡು ಹಿಡಿತ ಕಳೆದುಕೊಳ್ಳುತ್ತದೆ. ಗಟ್ಟಿ ಬದಿ ಚರ್ಮವನ್ನು ಕೆರೆಯುತ್ತದೆ. ಬಿಡಿಸುವಾಗ ಬರುವ ಪರ್ರನೆಯ ಸದ್ದು ನಾಲ್ಕು ಜನರ ನಡುವೆ ಮುಜುಗರ ತರುತ್ತದೆ, ಸದ್ದು ಸಹಿಸದ ಮಕ್ಕಳನ್ನು ಬೆಚ್ಚಿಬೀಳಿಸುತ್ತದೆ.

ಆಯಸ್ಕಾಂತ ಇನ್ನೂ ಸೊಗಸಾದ ದಾರಿ. ಅಮೆರಿಕದ ಫುಟ್ಬಾಲ್ ಕೋಚ್ ಡಾನ್ ಹಾರ್ಟನ್ ಅವರಿಗೆ ಪಾರ್ಕಿನ್ಸನ್ ಬಂದು, ಪಂದ್ಯ ಮುಗಿದ ಮೇಲೆ ಸ್ವಂತ ಅಂಗಿಯ ಗುಂಡಿ ಹಾಕಲಾಗದೆ ಆಟಗಾರನೊಬ್ಬನ ನೆರವು ಪಡೆಯಬೇಕಾಯಿತು. ಅದನ್ನು ಕೇಳಿದ ಅವರ ಪತ್ನಿ ಮೌರಾ ಹಾರ್ಟನ್ ಅಂಗಿಯೊಳಗೆ ಪುಟ್ಟ ಆಯಸ್ಕಾಂತಗಳನ್ನು ಹೊಲಿದು ಮ್ಯಾಗ್ನಾರೆಡಿ ಎಂಬ ಅಂಗಿಯನ್ನು ರೂಪಿಸಿದರು. ಹೊರಗೆ ಗುಂಡಿಗಳು ಎಂದಿನಂತೆಯೇ ಕಾಣುತ್ತವೆ, ಎರಡು ಅಂಚುಗಳನ್ನು ಹತ್ತಿರ ತಂದರೆ ಸಾಕು, ತಾವೇ ಕೂಡಿಕೊಳ್ಳುತ್ತವೆ. ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ಎದೆಯಲ್ಲಿ ಹೃದಯ ಬಡಿತವನ್ನು ಕಾಯುವ ಪೇಸ್‌ಮೇಕರ್ ಅಥವಾ ಡಿಫಿಬ್ರಿಲೇಟರ್ ಅಳವಡಿಸಿಕೊಂಡವರಿಗೆ ಇಂಥ ಅಂಗಿ ಸಲ್ಲದು. ಹತ್ತಿರದ ಬಲವಾದ ಆಯಸ್ಕಾಂತ ಪೇಸ್‌ಮೇಕರ್ ಕೆಲಸ ಮಾಡುವ ರೀತಿಯನ್ನೇ ಬದಲಿಸಬಹುದು, ಡಿಫಿಬ್ರಿಲೇಟರ್ ಬೇಕಾದ ಹೊತ್ತಿನಲ್ಲಿ ಆಘಾತ ಕೊಡದಂತೆ ತಡೆಯಬಹುದು. ಈ ಸಾಧನಗಳು ಸಾಮಾನ್ಯವಾಗಿ ಇರುವುದೇ ಕೊರಳೆಲುಬಿನ ಕೆಳಗೆ, ಅಂಗಿಯ ಗುಂಡಿಗಳ ಪಕ್ಕದಲ್ಲಿ. ಮೆದುಳಿನ ಹೆಚ್ಚುವರಿ ದ್ರವವನ್ನು ಹರಿಸಲು ತಲೆಯಲ್ಲಿ ಹೊಂದಿಸಬಹುದಾದ ಕವಾಟದ ಶಂಟ್ (ಕೊಳವೆ) ಇರುವವರು, ಕೇಳಲು ಕಿವಿಯೊಳಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಇರುವವರು ಕಾಲರ್, ಟೋಪಿಯ ಆಯಸ್ಕಾಂತದಿಂದ ದೂರವಿರಬೇಕು. ವಯಸ್ಸಾದವರಿಗೆ ಉಡುಗೊರೆಯಾಗಿ ಕೊಡುವ ಮುಂಚೆ ಇದನ್ನು ಕೇಳಿಕೊಳ್ಳಲೇಬೇಕು.

ಜಿಪ್‌ನಲ್ಲಿ ಕಷ್ಟವಿರುವುದು ಎಳೆಯುವುದರಲ್ಲಿ ಅಲ್ಲ. ಜಾಕೆಟ್‌ನ ಕೆಳತುದಿಯಲ್ಲಿ ಎರಡು ಬದಿಯನ್ನು ಒಂದರೊಳಗೊಂದು ಸೇರಿಸುವುದರಲ್ಲಿ. ಕೆಳಗಿನ ಒಂದು ಗೇಣು ಮೊದಲೇ ಹೊಲಿದುಬಿಟ್ಟು ಜಾಕೆಟನ್ನು ತಲೆಯಿಂದ ಹಾಕಿಕೊಳ್ಳುವಂತೆ ಮಾಡಿದರೆ ಆ ತೊಡಕು ಇಲ್ಲವಾಗುತ್ತದೆ. ಜಿಪ್‌ನ ತುದಿಗೆ ಬೆರಳು ತೂರುವಷ್ಟು ದೊಡ್ಡ ಉಂಗುರ ಕಟ್ಟಿದರೆ ಚಿಮುಟಿ ಹಿಡಿಯಬೇಕಾಗಿಲ್ಲ.

ಪಾದರಕ್ಷೆಯಲ್ಲಿ ಆದ ಬದಲಾವಣೆಗೆ ಒಬ್ಬ ಹುಡುಗನ ಪತ್ರ ಕಾರಣವಾಯಿತು. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳ ಹತೋಟಿ ಕುಂದುವ ಸ್ಥಿತಿ) ಇದ್ದ ಹದಿನಾರರ ಮ್ಯಾಥ್ಯೂ ವಾಲ್ಜರ್ 2012ರಲ್ಲಿ ನೈಕಿ ಕಂಪನಿಗೆ ಪತ್ರ ಬರೆದ. ಕಾಲೇಜಿಗೆ ಹೋಗುವ ಆಸೆಯಿದೆ, ಪ್ರತಿದಿನ ಶೂ ಲೇಸ್ ಕಟ್ಟಲು ಯಾರನ್ನೋ ಕಾಯುವುದು ಬೇಡ ಎಂದು ಕೇಳಿಕೊಂಡ. 2015ರಲ್ಲಿ ಫ್ಲೈಈಸ್ ಶೂ ಮಾರುಕಟ್ಟೆಗೆ ಬಂತು. ಹಿಮ್ಮಡಿಯ ಸುತ್ತ ಹೋಗುವ ಜಿಪ್ ಬಿಚ್ಚಿದರೆ ಶೂ ಹಿಂಭಾಗ ತೆರೆದುಕೊಳ್ಳುತ್ತದೆ, ಪಾದವನ್ನು ಹಿಂದಿನಿಂದ ಒಳಗೆ ಜಾರಿಸಬಹುದು. ಕಾಲಿಗೆ ಆಸರೆಯಾಗಿ ಲೋಹದ ಕ್ಯಾಲಿಪರ್ ಅಥವಾ ಪ್ಲಾಸ್ಟಿಕ್ ಬ್ರೇಸ್ ಹಾಕುವವರಿಗೆ ಈ ಅಗಲ ಬಾಯಿ ದೊಡ್ಡ ವರ. ಬ್ರೇಸ್ ಇರುವ ಪಾದಕ್ಕೆ ಒಂದು ಅಳತೆಯ ಶೂ, ಇಲ್ಲದ ಪಾದಕ್ಕೆ ಇನ್ನೊಂದು ಅಳತೆಯ ಶೂ ಬೇಕಾಗುತ್ತದೆ. ಒಂದು ಕಾಲು ಇಲ್ಲದವರಿಗೆ ಬೇಕಾದದ್ದು ಒಂದೇ ಶೂ. ಆದರೂ ಬಹುಪಾಲು ಕಡೆ ಪೂರ್ತಿ ಜೊತೆಗಳನ್ನೇ ಕೊಂಡು ಅರ್ಧ ಎಸೆಯುವ ಸ್ಥಿತಿ ಇದೆ. ಅಮೆರಿಕದ ಆನ್‌ಲೈನ್ ಮಳಿಗೆ ಝಾಪೋಸ್ 2020ರಲ್ಲಿ ಒಂಟಿ ಶೂ ಮತ್ತು ಬೇರೆಬೇರೆ ಅಳತೆಯ ಜೊತೆಗಳ ಮಾರಾಟ ಶುರು ಮಾಡಿತು.

ಕಣ್ಣಿಗೆ ಕಾಣದ ತೊಂದರೆಗಳೂ ಇವೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಕುತ್ತಿಗೆಯ ಹಿಂದಿನ ಲೇಬಲ್ ಮುಳ್ಳಿನಂತೆ ಚುಚ್ಚುತ್ತದೆ, ಕಾಲುಚೀಲದ ಬೆರಳ ತುದಿಯ ಹೊಲಿಗೆ ದಿನವಿಡೀ ಕಾಡುತ್ತದೆ. ಅದು ಹಟವಲ್ಲ, ನರಗಳಿಗೆ ನಿಜಕ್ಕೂ ಹಾಗೆಯೇ ಅನ್ನಿಸುತ್ತದೆ. ಲೇಬಲ್ ಬದಲು ಬಟ್ಟೆಯ ಮೇಲೆಯೇ ಅಚ್ಚು ಹಾಕುವುದು, ಹೊಲಿಗೆಯನ್ನು ಹೊರಮುಖ ಮಾಡುವುದು ಅವರಿಗೆ ದೊಡ್ಡ ನೆಮ್ಮದಿ. ದೃಷ್ಟಿ ಇಲ್ಲದವರಿಗೆ ಅಂಗಿಯ ಬಣ್ಣ ಯಾವುದು, ಉಲ್ಟಾ ಯಾವುದು ಎಂದು ತಿಳಿಸುವ ಬ್ರೈಲ್ ಪಟ್ಟಿ ಅಥವಾ ಬಣ್ಣಕ್ಕೊಂದು ಬಗೆಯ ದಾರದ ಗಂಟು ಬೇಕು. ಶ್ರವಣಯಂತ್ರ ಹಾಕಿದವರ ಕಿವಿಗೆ ಜಾಕೆಟ್‌ನ ಟೋಪಿ ಉಜ್ಜಿದರೆ ಮಾತೆಲ್ಲ ಗರಗರ ಸದ್ದಿನಲ್ಲಿ ಮುಳುಗುತ್ತದೆ. ಕುಬ್ಜತೆ ಇರುವವರಲ್ಲಿ ಅನೇಕರ ಮುಂಡ ಸಾಮಾನ್ಯ ಅಳತೆಯದು, ಕೈಕಾಲು ಮಾತ್ರ ಗಿಡ್ಡ. ಮಕ್ಕಳ ವಿಭಾಗ ತೋರಿಸಿ ಅಲ್ಲಿ ಕೊಳ್ಳಿ ಎನ್ನುವುದು ಅಳತೆಯಲ್ಲೂ ತಪ್ಪು, ಗೌರವದಲ್ಲೂ ತಪ್ಪು.

ಗೌರವದ ಮಾತು ಬಂದದ್ದರಿಂದ, ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಸಂಗತಿಯನ್ನು ಹೇಳಬೇಕು. ಅಂಗವೈಕಲ್ಯ ಇರುವವರಿಗೆಂದು ಮಾಡಿದ ಬಟ್ಟೆ ಬಹುಕಾಲ ಆಸ್ಪತ್ರೆಯ ಬಟ್ಟೆಯಂತೆಯೇ ಇತ್ತು: ಬೂದು ಅಥವಾ ತಿಳಿನೀಲಿ, ಸಡಿಲ, ಬೆನ್ನ ಹಿಂದೆ ತೆರೆದದ್ದು. ಅದನ್ನು ವಿನ್ಯಾಸ ಮಾಡಿದವರು ತೊಡಿಸುವವರ ಅನುಕೂಲವನ್ನು ನೋಡಿದರು, ತೊಡುವವರನ್ನು ಕೇಳಲಿಲ್ಲ. ಬೇರೆ ದಾರಿ ಹಿಡಿದವರೂ ಇದ್ದರು. 1950ರ ದಶಕದಲ್ಲಿ ನ್ಯೂಯಾರ್ಕಿನ ಫ್ಯಾಷನ್ ವಿನ್ಯಾಸಕಿ ಹೆಲೆನ್ ಕುಕ್‌ಮನ್ ಅಲ್ಲಿನ ಪುನರ್ವಸತಿ ಕೇಂದ್ರದ ಜತೆ ಸೇರಿ ‘ಫಂಕ್ಷನಲ್ ಫ್ಯಾಷನ್ಸ್’ ಎಂಬ ಉಡುಪುಗಳ ಸಾಲನ್ನು ರೂಪಿಸಿದರು. ಊರುಗೋಲು ಉಜ್ಜುವ ಕಂಕುಳಿಗೆ ಬಲ, ಕ್ಯಾಲಿಪರ್ ಮೇಲೆ ಹಾಕಲು ಕಾಲಿನುದ್ದ ಜಿಪ್, ಇವೆಲ್ಲ ಹೊರಗೆ ಕಾಣದಂತೆ ಅಂದಿನ ಫ್ಯಾಷನ್ನಿನ ಒಳಗೇ ಅಡಗಿದ್ದವು. 1970ರ ದಶಕದಲ್ಲಿ ಆ ಕೆಲಸ ನಿಂತುಹೋಯಿತು. 1998ರಲ್ಲಿ ಎರಡೂ ಕಾಲು ಮಂಡಿಯ ಕೆಳಗೆ ಇಲ್ಲದ ಕ್ರೀಡಾಪಟು ಏಮಿ ಮಲಿನ್ಸ್, ಬ್ರಿಟಿಷ್ ವಿನ್ಯಾಸಕ ಅಲೆಕ್ಸಾಂಡರ್ ಮೆಕ್ವೀನ್ ಅವರ ಫ್ಯಾಷನ್ ಪ್ರದರ್ಶನದಲ್ಲಿ ಹೂಬಳ್ಳಿ ಕೆತ್ತಿದ ಮರದ ಕೃತಕ ಕಾಲುಗಳನ್ನು ತೊಟ್ಟು ನಡೆದರು. ನೋಡಿದ ಅನೇಕರು ಅವನ್ನು ಬೂಟುಗಳೆಂದೇ ತಿಳಿದರು. ಮುಚ್ಚಬೇಕಾದದ್ದು ಎಂದುಕೊಂಡಿದ್ದ ವಸ್ತುವೇ ಅಲ್ಲಿ ಅಲಂಕಾರವಾಗಿತ್ತು.

ದೊಡ್ಡ ಕಂಪನಿಗಳು ಬಂದದ್ದು ತೀರಾ ಇತ್ತೀಚೆಗೆ. ಸ್ನಾಯುಕ್ಷಯ ಇರುವ ಮಗ ಗೆಳೆಯರಂತೆ ಶಾಲೆಗೆ ಜೀನ್ಸ್ ಹಾಕಿಕೊಂಡು ಹೋಗಬೇಕೆಂದಾಗ ವಿನ್ಯಾಸಕಿ ಮಿಂಡಿ ಶೈಯರ್ ಒಂದು ಜೊತೆಯನ್ನು ಬಿಚ್ಚಿ ಮರುಹೊಲಿದರು. 2014ರಲ್ಲಿ ‘ರನ್‌ವೇ ಆಫ್ ಡ್ರೀಮ್ಸ್’ ಸಂಸ್ಥೆ ಕಟ್ಟಿದರು. ಅವರ ಜತೆ ಸೇರಿ ಅಮೆರಿಕದ ಉಡುಪು ಕಂಪನಿ ಟಾಮಿ ಹಿಲ್ಫಿಗರ್ 2016ರಲ್ಲಿ ಮಕ್ಕಳ ಅಡಾಪ್ಟಿವ್ ಉಡುಪುಗಳನ್ನು ಹೊರತಂದಿತು. ಆ ಹುಡುಗ ಕೇಳಿದ್ದನ್ನು ಗಮನಿಸಿ: ಅವನಿಗೆ ಸುಲಭದ ಬಟ್ಟೆ ಮೊದಲೇ ಇತ್ತು, ಎಲಾಸ್ಟಿಕ್ ಸೊಂಟದ ಪ್ಯಾಂಟು. ಬೇಕಿದ್ದದ್ದು ಎಲ್ಲರಂಥ ಬಟ್ಟೆ. ಚಂದ ಕಾಣದ ಅನುಕೂಲದ ಬಟ್ಟೆಯನ್ನು ಜನ ಕಪಾಟಿನಲ್ಲಿಟ್ಟು, ತೊಡಲು ಕಷ್ಟವಾದರೂ ಚಂದದ್ದನ್ನೇ ಬೇರೆಯವರ ಕೈಯಿಂದ ಹಾಕಿಸಿಕೊಳ್ಳುತ್ತಾರೆ. ಹಾಗಾಗಿ ಚಂದವಿಲ್ಲದೆ ಸ್ವಾವಲಂಬನೆಯೂ ಸಿಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 130 ಕೋಟಿ ಜನರಿಗೆ, ಅಂದರೆ ಆರರಲ್ಲಿ ಒಬ್ಬರಿಗೆ, ಗಣನೀಯ ಅಂಗವೈಕಲ್ಯವಿದೆ. ಇಷ್ಟು ಜನರಿದ್ದೂ ಬಟ್ಟೆ ಏಕೆ ಸಿಗುವುದಿಲ್ಲ? ಒಬ್ಬರ ಅಗತ್ಯ ಇನ್ನೊಬ್ಬರದಲ್ಲ ಎಂಬುದು ನಿಜವಾದ ತೊಡಕು. ಒಂದೇ ಪ್ಯಾಂಟನ್ನು ಹತ್ತು ಅಳತೆಯಲ್ಲಿ ಹೊಲಿಯುವ ಕಾರ್ಖಾನೆಗೆ, ಅದನ್ನೇ ಕುಳಿತವರಿಗೆ, ಕೃತಕ ಕಾಲಿನವರಿಗೆ, ಒಂದು ಕೈಯವರಿಗೆ ಎಂದು ಬೇರೆಬೇರೆ ಮಾಡುವುದು ದುಬಾರಿ. ಮಾಡಿದವರಿಗೂ ಮಾರುವುದು ಸುಲಭವಿಲ್ಲ. ಫೇಸ್‌ಬುಕ್‌ನ ಸ್ವಯಂಚಾಲಿತ ವ್ಯವಸ್ಥೆ ಅಡಾಪ್ಟಿವ್ ಉಡುಪುಗಳ ಜಾಹೀರಾತನ್ನು ವೈದ್ಯಕೀಯ ಸಾಮಗ್ರಿ ಎಂದು ತಿರಸ್ಕರಿಸುತ್ತಿದ್ದುದು 2021ರಲ್ಲಿ ಸುದ್ದಿಯಾಗಿತ್ತು. ಚಿತ್ರದಲ್ಲಿ ಗಾಲಿಕುರ್ಚಿ ಕಂಡರೆ ಆ ಯಂತ್ರಕ್ಕೆ ಬಟ್ಟೆ ಕಾಣುತ್ತಿರಲಿಲ್ಲ.

ಇಂಥ ಬಟ್ಟೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುವವರೆಗೆ ದರ್ಜಿಯ ಕೈಯೇ ಗತಿ, ಅದು ಸಣ್ಣ ಗತಿಯೇನಲ್ಲ. ಇರುವ ಅಂಗಿಯ ಕಾಜಗಳನ್ನು ಹೊಲಿದು ಮುಚ್ಚಿ, ಗುಂಡಿಗಳನ್ನು ಮೇಲೆ ಅಲಂಕಾರಕ್ಕೆ ಹಚ್ಚಿ, ಕೆಳಗೆ ವೆಲ್ಕ್ರೋ ತುಂಡು ಇಟ್ಟರೆ ಹೊರಗಿನವರಿಗೆ ವ್ಯತ್ಯಾಸವೇ ತಿಳಿಯದು. ತೋಳಿನ ತುದಿಯ ಗುಂಡಿಯನ್ನು ಎಲಾಸ್ಟಿಕ್ ದಾರದಲ್ಲಿ ಹಚ್ಚಿದರೆ ಗುಂಡಿ ಬಿಚ್ಚದೆಯೇ ಕೈ ತೂರುತ್ತದೆ. ಪ್ಯಾಂಟಿನ ಪಕ್ಕದ ಹೊಲಿಗೆ ಬಿಚ್ಚಿ ಮಂಡಿಯವರೆಗೆ ಜಿಪ್ ಕೂರಿಸಿದರೆ ಕೃತಕ ಕಾಲನ್ನೋ ಕಾಲಿಗೆ ಕಟ್ಟಿದ ಮೂತ್ರದ ಚೀಲವನ್ನೋ ಪ್ಯಾಂಟು ಕಳಚದೆ ಸರಿಪಡಿಸಿಕೊಳ್ಳಬಹುದು. ಸೊಂಟಪಟ್ಟಿಯ ಒಳಗೆ ಎರಡು ಬದಿ ಗಟ್ಟಿ ಕುಣಿಕೆ ಹೊಲಿದರೆ ಬೆರಳು ಮಡಚದವರೂ ಹೆಬ್ಬೆರಳು ತೂರಿಸಿ ಮೇಲೆಳೆದುಕೊಳ್ಳುತ್ತಾರೆ. ಒಂದು ಕೈ ಸ್ವಾಧೀನದಲ್ಲಿ ಇಲ್ಲದವರಿಗೆ ಆಕ್ಯುಪೇಷನಲ್ ಥೆರಪಿಸ್ಟರು (ದಿನನಿತ್ಯದ ಕೆಲಸಗಳಿಗೆ ತರಬೇತಿ ಕೊಡುವ ಚಿಕಿತ್ಸಕರು) ಕಲಿಸುವ ಕ್ರಮವೊಂದಿದೆ: ತೊಡುವಾಗ ಬಲಹೀನ ಕೈ ಮೊದಲು, ಕಳಚುವಾಗ ಅದು ಕೊನೆಗೆ. ತೋಳು ಅಗಲವಿದ್ದು ಬಟ್ಟೆ ಸ್ವಲ್ಪ ಹಿಗ್ಗಿದರೆ ಈ ಕ್ರಮ ಇನ್ನಷ್ಟು ಸಲೀಸು.

ಬೆನ್ನ ಕಡೆ ತೆರೆದುಕೊಳ್ಳುವ ಅಂಗಿಯ ಬಗ್ಗೆ ಒಂದು ಮಾತು. ಹಾಸಿಗೆಯಲ್ಲೇ ಇರುವವರಿಗೆ, ತೋಳು ಎತ್ತಲಾಗದವರಿಗೆ ಅದು ಉಪಕಾರಿ. ಎರಡು ಬದಿ ಒಂದರ ಮೇಲೊಂದು ಅಗಲವಾಗಿ ಬರುವಂತೆ ಹೊಲಿದರೆ ಬೆನ್ನು ಬಯಲಾಗುವುದಿಲ್ಲ. ಆದರೆ ತೊಟ್ಟವರು ತಾವಾಗಿ ಅದನ್ನು ಕಳಚಲಾರರು. ಮರೆವಿನ ಕಾಯಿಲೆ ಇರುವವರು ಬಟ್ಟೆ ಬಿಚ್ಚಬಾರದೆಂದು ಹಿಂದೆ ಜಿಪ್ ಇರುವ ಉಡುಪು ಹಾಕುವವರಿದ್ದಾರೆ. ಸೆಕೆ, ತುರಿಕೆ, ಶೌಚಕ್ಕೆ ಹೋಗಬೇಕೆಂಬ ಒತ್ತಡ, ಇವುಗಳಲ್ಲಿ ಯಾವುದು ಅವರನ್ನು ಬಟ್ಟೆ ಬಿಚ್ಚುವಂತೆ ಮಾಡುತ್ತಿದೆ ಎಂದು ಮೊದಲು ನೋಡಬೇಕು. ಬೇರೆ ದಾರಿಯೇ ಇಲ್ಲದಾಗ ಮಾತ್ರ ಅಂಥ ಉಡುಪು ಸರಿ.

ಹೊಸದಾಗಿ ಹೊಲಿಸುವುದಾದರೆ ಅಳತೆಯನ್ನು ಕುಳಿತ ಭಂಗಿಯಲ್ಲೇ, ದಿನವೂ ಬಳಸುವ ಕುರ್ಚಿಯಲ್ಲೇ ತೆಗೆಯಲು ಹೇಳಿ. ಬೆನ್ನ ಹಿಂದಿನ ಸೊಂಟದಿಂದ ಕುರ್ಚಿಯ ಸೀಟಿನವರೆಗೆ ಒಂದು ಅಳತೆ, ಹೊಟ್ಟೆಯ ಮಡಿಕೆಯಿಂದ ಮಂಡಿಯವರೆಗೆ ಒಂದು, ಮಂಡಿಯಿಂದ ಹಿಮ್ಮಡಿಯವರೆಗೆ ಒಂದು. ಬ್ರೇಸ್, ಡಯಾಪರ್, ಮೂತ್ರದ ಚೀಲ ಯಾವುದನ್ನು ದಿನವೂ ಧರಿಸುತ್ತಾರೋ ಅದನ್ನು ಧರಿಸಿಯೇ ಅಳತೆ ಕೊಡಲಿ. ಹೊಲಿದು ಬಂದ ಮೇಲೆ ಮೊದಲ ದಿನ ಗಂಟೆ ಹೊತ್ತು ಮಾತ್ರ ಹಾಕಿ, ಕಳಚಿ, ಕುಳಿತ ಜಾಗದ ಚರ್ಮದಲ್ಲಿ ಕೆಂಪು ಕಲೆ ಬಿದ್ದಿದೆಯೇ ನೋಡಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ, ಮುಟ್ಟಿದಾಗ ಬಿಸಿ ಅಥವಾ ಗಟ್ಟಿ ಇದೆಯೇ ಪರೀಕ್ಷಿಸಿ. ಕಲೆ ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ ಅಲ್ಲಿರುವ ಹೊಲಿಗೆಯ ಜಾಗವನ್ನು ಬದಲಿಸುವವರೆಗೆ ಆ ಪ್ಯಾಂಟನ್ನು ಮತ್ತೆ ಹಾಕಬೇಡಿ.